ಕಮಟು ಕೊಬ್ಬರಿಯ ಬಾಬತ್ತು

ಫೆಬ್ರವರಿ 3. ಬೆಳಗ್ಗೆ

ವಿವರಗಳು ಈ ಕೆಳಕಂಡಂತೆ:

1. ಬರೆಯುತ್ತಿರುವವಳು: ಈ ಮನೆಯ ಹಿರಿಯಳು. ಊರವರ ಅರ್ಜಿ ಬರೆದುಕೊಟ್ಟು ಸಂಸಾರ ತೂಗಿಸಿದ ಯಜಮಾನರ ಹೆಂಡತಿ. ಅವರು ಹೇಳಿದ್ದನ್ನೆಲ್ಲ ದುಂಡಕ್ಷರದಲ್ಲಿ ನಕಲು ಮಾಡಿದವಳು. ಊರಿನ ಅರ್ಧ ಜನರ ಪ್ರಾರ್ಥನೆ ಈ ಕೈಯಿಂದಲೇ ಹೋಗಿದೆ. ನನ್ನದೆಂಬುದು ಒಂದೂ ಹೋಗಿಲ್ಲ. ಹೋಗತಕ್ಕದ್ದೂ ಅಲ್ಲ.

2. ವಾಸ: ಅಡುಗೆಮನೆಗೆ ಅಂಟಿದ ಕೋಣೆ. ಬಾಗಿಲು ಸದಾ ತೆರೆದಿರುತ್ತದೆ. ಎಲ್ಲವೂ ಕಾಣುತ್ತದೆ.

3. ಎದುರುದಾರಳು: ಸೊಸೆ. ಚಿಟಿಕೆ ಉಪ್ಪಿಗೂ ಚಮಚ ಹುಡುಕುವವಳು, ಹಿಟ್ಟನ್ನು ಕಪ್ಪಿನಲ್ಲಿ ಅಳೆದು ಅಂಚನ್ನು ಚಾಕುವಿನಿಂದ ಸವರುವವಳು. ಆದ್ದರಿಂದ ನಾನಿಟ್ಟ ಹೆಸರು ಅಳತೆಮ್ಮ. ಮಗನೂ ಒಮ್ಮೊಮ್ಮೆ ಹಾಗೆಯೇ ಕರೆದು ನಗುತ್ತಾನೆ. ಅವಳು ನಗುವುದಿಲ್ಲ.

4. ವ್ಯಾಜ್ಯದ ವಸ್ತು: ಕೊಬ್ಬರಿ.

ಇಂದಿನ ಕಲಾಪ. ಎದುರು ಮನೆಯಾಕೆ ಚೀಲದಲ್ಲಿ ಕೊಬ್ಬರಿ ಗಿಟುಕು ತಂದಳು.

“ಅಮ್ಮಾ, ಸ್ವಲ್ಪ ಮೂಸಿ ಹೇಳಿ. ಕಮಟಾಗಿದ್ರೆ ಅಂಗಡಿಯವನ ಮುಖಕ್ಕೆ ಎಸೆದು ಬರ್ತೀನಿ.”

ಎಣ್ಣೆ, ತುಪ್ಪ, ಕೊಬ್ಬರಿ — ಈ ಬೀದಿಯಲ್ಲಿ ನನ್ನ ಮೂಗನ್ನು ದಾಟದೆ ಯಾವುದೂ ಒಲೆ ಸೇರುವುದಿಲ್ಲ. ಗಿಟುಕುಗಳನ್ನು ಕಿವಿಯ ಬಳಿ ಅಲ್ಲಾಡಿಸಿದೆ. ಒಡೆದು ಒಳಮೈ ನೋಡಿದೆ. ಉಗುರು ಒತ್ತಿದೆ. ಅಂಚು ಹಳದಿಗೆ ತಿರುಗಿದ್ದವನ್ನು ಪಕ್ಕಕ್ಕಿಟ್ಟೆ. ಕೊನೆಗೆ ಒಂದು ಚೂರನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತು ಹಾಗೆಯೇ ಇದ್ದೆ. ಜನಕ್ಕೆ ಅದು ಬೇಕಾಗುತ್ತದೆ.

“ಇವು ಹೋಗಿವೆ. ಮಿಕ್ಕವು ಚೊಕ್ಕ.”

“ನಿಮ್ಮ ಮೂಗಿಗೆ ಕೈ ಮುಗೀಬೇಕಮ್ಮಾ.”

ಇಲ್ಲಿ ಮಾತ್ರ ದಾಖಲಿಸತಕ್ಕ ಅಂಶ: ಹೋದ ಮಳೆಗಾಲದಲ್ಲಿ ಬಂದ ಜ್ವರ ಬಿಡುವಾಗ ಮೂಗನ್ನೂ ತೆಗೆದುಕೊಂಡು ಹೋಯಿತು. ಸೋಪಿನ ವಾಸನೆ ಇಲ್ಲ. ಸುಟ್ಟದ್ದರದೂ ಇಲ್ಲ. ಯಾರಿಗೂ ತಿಳಿಸಿಲ್ಲ. ತಿಳಿಸುವ ಅಗತ್ಯ ಕಂಡುಬಂದಿಲ್ಲ.

ಫೆಬ್ರವರಿ 6

ಅಳತೆಮ್ಮ ಅಂಗಡಿಯಿಂದ ಕೊಬ್ಬರಿ ಪುಡಿಯ ಪ್ಯಾಕೆಟ್ ತಂದಳು. ಕೇಕಿಗಂತೆ, ಬಿಸ್ಕತ್ತಿಗಂತೆ. ಗಿಟುಕು ತಂದು ತುರಿದರೆ ಕೈ ಸವೆಯುತ್ತದೆಯೇ?

ನನ್ನ ಆಕ್ಷೇಪಣೆ ಏನೆಂದರೆ: ಗಿಟುಕಿಗೆ ಮುಖವಿದೆ. ಬಣ್ಣ ಹೇಳುತ್ತದೆ, ಸದ್ದು ಹೇಳುತ್ತದೆ, ಉಗುರಿಗೆ ಅಂಟುವ ಜಿಡ್ಡು ಹೇಳುತ್ತದೆ. ಪುಡಿಗೆ ಮುಖವಿಲ್ಲ. ಹೊಸದೂ ಬಿಳಿ, ಹಳೆಯದೂ ಬಿಳಿ. ಅದನ್ನು ಎದುರಿಗೆ ಹಿಡಿದು “ನೋಡಿ ಅತ್ತೆ” ಎಂದರೆ ನಾನು ಏನನ್ನು ನೋಡಲಿ?

ಮೂಗಿಗೆ ಹಿಡಿದೆ. ಕಣ್ಣು ಮುಚ್ಚಿದೆ.

“ಕಮಟು. ಬಿಸಾಕು.”

“ಈಗಷ್ಟೇ ತಂದಿದ್ದು ಅತ್ತೆ.”

“ಹಾಗಾದ್ರೆ ನನ್ನ ಮೂಗು ಸುಳ್ಳು ಹೇಳುತ್ತಾ?”

ಮಗ ಪೇಪರಿನ ಹಿಂದಿನಿಂದಲೇ ತೀರ್ಪು ಕೊಟ್ಟ: “ಅಮ್ಮ ಹೇಳಿದ್ಮೇಲೆ ಮುಗೀತಲ್ಲ. ಬಿಸಾಕೆ.”

ಕಸದ ಬುಟ್ಟಿಯ ಮುಂದೆ ನಿಂತಳು. ಪ್ಯಾಕೆಟ್ಟಿನ ಬಾಯಿಗೆ ಮೂಗಿಟ್ಟು ದೀರ್ಘವಾಗಿ ಉಸಿರೆಳೆದಳು. ಮತ್ತೊಮ್ಮೆ ಎಳೆದಳು. ಆಮೇಲೆ ಪೂರ್ತಿ ಸುರಿದಳು, ಒಂದು ಚೂರೂ ಉಳಿಸದೆ. ತಿರುಗಿ ನನ್ನನ್ನು ನೋಡಿದಳು. ಆ ನೋಟದ ಅರ್ಥ ವಿಚಾರಿಸುವ ಗೋಜಿಗೆ ಹೋಗಲಿಲ್ಲ.

ಫೆಬ್ರವರಿ 15. ಮಧ್ಯಾಹ್ನ

ಹಟಮಾರಿ. ಮತ್ತೆ ಪ್ಯಾಕೆಟ್ ತಂದಿದ್ದಾಳೆ. ಪುಡಿಯನ್ನು ಬೆಚ್ಚನೆಯ ಹಾಲಿನಲ್ಲಿ ನೆನೆಸದೆ ಹಿಟ್ಟಿಗೆ ಹಾಕಿದರೆ ಅದು ಕೇಕಿನ ಪಸೆಯನ್ನೆಲ್ಲ ಹೀರಿ ಕೇಕು ಮರದ ಹೊಟ್ಟಿನಂತಾಗುತ್ತದಂತೆ. ನನಗೆ ಪಾಠ. ಹಾಲನ್ನು ಒಲೆಯ ಮೇಲಿಟ್ಟು ಬಟ್ಟೆ ಒಣಗಿಸಲು ಮೇಲೆ ಹೋದಳು. ನಾನು ಒಲೆಗೆ ಬೆನ್ನು ಮಾಡಿ ಕುಳಿತು ಪೇಪರ್ ಓದುತ್ತಿದ್ದೆ.

ಮೆಟ್ಟಿಲ ಮೇಲಿಂದ ಧಡಧಡ ಓಡಿ ಬಂದಳು. ಪಾತ್ರೆಯ ತಳ ಕರ್ರಗೆ.

“ಪಕ್ಕದಲ್ಲೇ ಇದ್ರಲ್ಲ ಅತ್ತೆ! ಮೇಲಿನ ತನಕ ಸೀದ ವಾಸನೆ ಬಂತು!”

“ಗೊತ್ತಿತ್ತು. ನಿನಗೆ ಬುದ್ಧಿ ಬರಲಿ ಅಂತ ಸುಮ್ಮನಿದ್ದೆ.”

ಉತ್ತರ ಸಿದ್ಧವಿದ್ದದ್ದಕ್ಕೆ ನನಗೇ ಸಂತೋಷವಾಯಿತು. ಅವಳು ಪಾತ್ರೆ ಉಜ್ಜುತ್ತ ನಿಂತಳು. ಉಜ್ಜುವ ಕೈ ನಡುನಡುವೆ ನಿಲ್ಲುತ್ತಿತ್ತು.

ಫೆಬ್ರವರಿ 27

ಹೊಸ ಸಂಗತಿ. ದೊಡ್ಡ ಬೀದಿಯ ಬೇಕರಿಯವನು ಯಾರ ಮನೆಯಲ್ಲೋ ಇವಳ ಕೊಬ್ಬರಿ ಬಿಸ್ಕತ್ತು ತಿಂದಿದ್ದಾನೆ. ಭಾನುವಾರ ಖುದ್ದಾಗಿ ಬಂದು ಇನ್ನೊಮ್ಮೆ ರುಚಿ ನೋಡುತ್ತಾನಂತೆ. ಒಪ್ಪಿದರೆ ದಿನಾ ಆರ್ಡರ್. ಅಷ್ಟೇ ಅಲ್ಲ, ಬೆಳಗಿನ ಹೊತ್ತು ಅವನ ದೊಡ್ಡ ಓವನ್ ಮುಂದೆ ಇವಳಿಗೊಂದು ಮೇಜು.

“ಒಂದೇ ಒಂದು ಸಲ ಅವರು ಸರಿ ಅಂದ್ಬಿಟ್ರೆ ಸಾಕು,” ಎಂದು ಮಗನ ಹತ್ತಿರ ಹೇಳುತ್ತಿದ್ದಳು. “ಮದುವೆಯಾದಾಗಿನಿಂದ ಈ ಮನೆಯಲ್ಲಿ ನಾನು ಮಾಡಿದ್ದು ಸರಿ ಅಂತ ಯಾರೂ ಹೇಳಿಲ್ಲ.”

ನಾನು ಹೇಳಿಲ್ಲ ಎಂದೇ ಅರ್ಥ. ಸರಿಯಿದ್ದರೆ ತಾನೇ ಹೇಳುವುದು? ಸಂಜೆ ಪಾತ್ರೆ ತೊಳೆಯುತ್ತ ಏನೋ ಗುನುಗಿದಳು. ಈ ಮನೆಯಲ್ಲಿ ಅವಳ ದನಿ ಹಾಗೆ ಎದ್ದದ್ದು ಕೇಳಿರಲಿಲ್ಲ. ಸಹಿಸಲಾಗಲಿಲ್ಲ ಎಂದು ಬರೆಯಲು ಅಡ್ಡಿಯೇನೂ ಇಲ್ಲ. ಓದುವವರು ಯಾರೂ ಇಲ್ಲವಲ್ಲ.

ಮಾರ್ಚ್ 1. ಶನಿವಾರ ಮಧ್ಯಾಹ್ನ

ಕಪಾಟಿನಲ್ಲಿ ಎರಡು ಡಬ್ಬಿ. ಕೆಂಪು ಮುಚ್ಚಳದ್ದರಲ್ಲಿ ನಾಳೆಗೆಂದು ತಂದ ಹೊಸ ಪುಡಿ. ನೀಲಿ ಮುಚ್ಚಳದ್ದರಲ್ಲಿ ಯಾವಾಗಲೋ ಉಳಿದು ಕಮಟಾದದ್ದು. ಗಿಡಗಳ ಬುಡಕ್ಕೆಂದು ಅವಳೇ ಎತ್ತಿಟ್ಟಿದ್ದಾಳೆ. ಗುರುತಿಗೆ ಮೂಗು ಬೇಕಾಗಲಿಲ್ಲ.

ಅವಳು ಬೆಣ್ಣೆ ತರಲು ಹೋಗಿದ್ದಳು. ನಡುವೆ ಒಂದು ತಟ್ಟೆಯಿಟ್ಟುಕೊಂಡು ಕೆಂಪಿನದನ್ನು ನೀಲಿಗೆ, ನೀಲಿಯದನ್ನು ಕೆಂಪಿಗೆ ಸುರಿದೆ. ಮೇಲ್ಭಾಗವನ್ನು ಚಮಚದಿಂದ ಸಮ ಮಾಡಿದೆ. ಚೆಲ್ಲಿದ್ದನ್ನು ಸೆರಗಿನಿಂದ ಒರೆಸಿದೆ. ಎರಡೂ ಒಂದೇ ಬಿಳಿ. ಪುಡಿಗೆ ಮುಖವಿಲ್ಲದಿರುವುದರ ಉಪಯೋಗ ಇಂದು ತಿಳಿಯಿತು.

ನಾಳೆ ಬೇಕರಿಯವನು ಉಗಿಯುತ್ತಾನೆ. ಗುನುಗುವುದು ನಿಲ್ಲುತ್ತದೆ.

ಮಾರ್ಚ್ 2. ಸಂಜೆ

ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ.

ಬೇಕರಿಯವನು ಬಂದ. ಹುಬ್ಬಿನಲ್ಲಿ ಇನ್ನೂ ಮೈದಾ. ಕುರ್ಚಿಯಲ್ಲಿ ಹಿಡಿಸದಷ್ಟು ದೇಹ, ಮನೆಯಲ್ಲಿ ಹಿಡಿಸದಷ್ಟು ನಗು.

“ಅಮ್ಮಾ, ನಿಮ್ಮ ಮೂಗಿನ ಸುದ್ದಿ ನಮ್ಮ ಬೇಕರಿ ತನಕ ಬಂದಿದೆ. ನೀವು ಪಾಸ್ ಮಾಡಿದ್ರೆ ನಾನು ಬಾಯಿಗೆ ಹಾಕೋದೇ ಬೇಡ.”

“ಅತ್ತೆ, ಮೊದಲು ನೀವೇ,” ಎಂದು ಅಳತೆಮ್ಮ ತಟ್ಟೆ ಹಿಡಿದಳು. ಹೊಂಬಣ್ಣದ ಬಿಸ್ಕತ್ತು, ಅಂಚಿನಲ್ಲಿ ಹುರಿದ ಕೊಬ್ಬರಿ. ನೋಡಲು ಚೆನ್ನಾಗಿತ್ತು. ಸುಳ್ಳು ಬರೆಯುವುದಿಲ್ಲ.

ಮೂಗಿಗೆ ಹಿಡಿದೆ. ಕಣ್ಣು ಮುಚ್ಚಿದೆ. ಎಂದಿಗಿಂತ ಹೆಚ್ಚು ಹೊತ್ತು ಮುಚ್ಚಿದೆ.

“ಕಮಟು,” ಎಂದೆ. “ಇದನ್ನು ಈ ಮನೆಯ ಹೆಸರಲ್ಲಿ ಹೊರಗೆ ಕೊಡಬೇಡ.”

ಬೇಕರಿಯವನ ನಗು ಅರ್ಧಕ್ಕೆ ನಿಂತಿತು. ತಾನೂ ಒಂದನ್ನು ಮುರಿದ. ಮೂಸಿದ. ಬಾಯಿಗೆ ಹಾಕಿದ. ಉಗಿಯಲಿಲ್ಲ. ಇನ್ನೊಂದು ತೆಗೆದುಕೊಂಡ.

“ಏನಮ್ಮಾ, ತಮಾಷೆ ಮಾಡ್ತೀರಾ? ಇದು ಒಂದನೇ ನಂಬರ್ ಮಾಲು!”

“ನಿಮಗೆ ಮೂಗಿಲ್ಲ,” ಎಂದೆ.

“ಇರಲಿ ಬಿಡಿ ಸಾರ್.” ಅಳತೆಮ್ಮನ ದನಿ ಪಾಕದಂತಿತ್ತು. “ನಮ್ಮತ್ತೆ ಮೂಗು ಯಾವತ್ತೂ ತಪ್ಪಲ್ಲ. ಅವರಿಗೋಸ್ಕರ ಬೇರೆ ಡಬ್ಬಿ ಪುಡಿಯಲ್ಲಿ ಇನ್ನೊಂದು ಟ್ರೇ ಮಾಡಿದ್ದೀನಿ. ಅತ್ತೆ, ಇದಾದ್ರೂ ಸರಿ ಇದೆಯಾ ನೋಡಿ.”

ಬೇರೆ ಡಬ್ಬಿ ಎಂದರೆ ಚೊಕ್ಕದ್ದು, ಎಂದು ಲೆಕ್ಕ ಹಾಕಿದೆ. ಕಚ್ಚಿದೆ. ನಾಲಿಗೆಗೆ ಸಿಹಿ. ಹಲ್ಲಿಗೆ ಗರಿಗರಿ. ಗಂಟಲಲ್ಲಿ ಸಣ್ಣ ಕೆರೆತ — ಹೆಚ್ಚು ಹುರಿದಿರಬೇಕು ಎಂದುಕೊಂಡೆ.

“ಇದು ಕೊಬ್ಬರಿ!” ಎಂದೆ. “ಘಮ ನೋಡಿ, ಘಮ!” ಇನ್ನೊಂದು ತಿಂದೆ.

ಜಗಳ ಮುಗಿಯಿತೆಂದು ಮಗ ನಗುತ್ತ ಅದೇ ತಟ್ಟೆಗೆ ಕೈ ಹಾಕಿದ. ಕಚ್ಚಿದ. ಮುಖ ಕಿವುಚಿದ. ಅಂಗೈಗೆ ಉಗಿದು ನಲ್ಲಿಗೆ ಓಡಿದ.

“ಥೂ! ಸೋಪು ತಿಂದ ಹಾಗಿದೆ! ಅಮ್ಮ, ಇದನ್ನ ಹೇಗೆ ನುಂಗಿದೆ?”

ಬೇಕರಿಯವನು ತಟ್ಟೆಯ ಕಡೆ ಬಗ್ಗಿ, ತಕ್ಷಣ ಹಿಂದೆ ಸರಿದ. ನನ್ನನ್ನು ನೋಡಿದ. ಆಮೇಲೆ ನೆಲ ನೋಡಿದ. ಅದು ಕನಿಕರ. ನನಗೆ ಗೊತ್ತಾಗುತ್ತದೆ, ಅರ್ಜಿದಾರರನ್ನು ಯಜಮಾನರು ಹಾಗೆಯೇ ನೋಡುತ್ತಿದ್ದರು.

“ಇನ್ನೊಂದು ತಗೊಳ್ಳಿ ಅತ್ತೆ,” ಎಂದಳು. “ಘಮ ಅಂದ್ರಲ್ಲ.”

ಬೇಡವೆಂದರೆ ಒಪ್ಪಿಕೊಂಡಂತೆ. ತೆಗೆದುಕೊಂಡೆ. ಎಲ್ಲರ ಮುಂದೆ ಪೂರ್ತಿ ತಿಂದೆ. ಯಾರೂ ಸಾಕು ಎನ್ನಲಿಲ್ಲ.

ಮಾರ್ಚ್ 3

ತಪ್ಪು ಎಲ್ಲಿ ನಡೆಯಿತೆಂದು ಈಗ ಹೊಳೆಯಿತು. ಮುಚ್ಚಳ ಬದಲಾಯಿಸಲಿಲ್ಲ, ಗುರುತು ಬಿಡಲಿಲ್ಲ, ಮೇಲ್ಭಾಗ ಸಮ ಮಾಡಿದೆ. ಆದರೆ ಅವಳು ಡಬ್ಬಿ ತೆರೆಯುತ್ತಾಳೆ. ತೆರೆದೊಡನೆ ವಾಸನೆ ಮುಖಕ್ಕೆ ಹೊಡೆಯುತ್ತದೆ, ಯಾವ ಡಬ್ಬಿಯಲ್ಲಿ ಯಾವುದಿದೆ ಎಂದು ತಿಳಿದುಬಿಡುತ್ತದೆ. ಮೂಗುಳ್ಳವರು ಮೂಸುತ್ತಾರೆ ಎಂಬುದೇ ನನಗೆ ಮರೆತುಹೋಗಿತ್ತು.

ಮಾರ್ಚ್ 9

ಆರ್ಡರ್ ಸಿಕ್ಕಿದೆ. ಮೇಜೂ ಸಿಕ್ಕಿದೆ. ಬೇಕರಿಯಲ್ಲಿ ಅವಳನ್ನು ಕೊಬ್ಬರಿ ಮೇಡಂ ಎನ್ನುತ್ತಾರಂತೆ. ಮಗ ಅದನ್ನು ಹೆಮ್ಮೆಯಿಂದ ಹೇಳಿದ, ತಾನೂ ಅಳತೆಮ್ಮ ಎಂದು ಕರೆದದ್ದು ನೆನಪೇ ಇಲ್ಲದವನಂತೆ.

ಬೆಳಗ್ಗೆ ಹೊರಡುವ ಮುನ್ನ ಗ್ಯಾಸ್ ಒಲೆಯ ತಿರುಪುಗಳನ್ನು ಒಂದೊಂದಾಗಿ ಎಳೆದು ಕಳಚಿದಳು. ಅಳತೆಯ ಚಮಚದ ಜೊತೆ ಪರ್ಸಿಗೆ ಹಾಕಿಕೊಂಡಳು.

“ಏನಿದು?” ಎಂದೆ.

ಮಗ ಕಿಟಕಿಯ ಕಡೆ ನೋಡುತ್ತ ಹೇಳಿದ: “ಗ್ಯಾಸ್ ಸೋರಿದ್ರೆ ನಿಂಗೆ ಗೊತ್ತಾಗಲ್ಲಮ್ಮ. ನಿನ್ನ ಒಳ್ಳೇದಕ್ಕೇ.”

“ನಿಮಗೆ ಬುದ್ಧಿ ಬರಲಿ ಅಂತ ಅಲ್ಲ ಅತ್ತೆ,” ಎಂದಳು ಅವಳು, ಚಪ್ಪಲಿ ಮೆಟ್ಟುತ್ತ. “ನಿಮ್ಮ ಜೀವಕ್ಕೆ.”

ಕಾರಣ ಸರಿಯಾಗಿದೆ. ಆಕ್ಷೇಪಣೆ ಬರೆಯಲು ಕುಳಿತೆ. ಒಂದು ಸಾಲೂ ಏಳಲಿಲ್ಲ. ಅವಳು ತುಂಬಿಟ್ಟುಹೋದ ಫ್ಲಾಸ್ಕಿನ ಚಹಾ ಅವಳು ಬರುವಷ್ಟರಲ್ಲಿ ತಣ್ಣಗಾಗುತ್ತದೆ.

ಮಾರ್ಚ್ 20

ದಿನವೂ ಹೊರಡುವಾಗ ನನ್ನ ಮೇಜಿನ ಮೇಲೆ ತಟ್ಟೆ. ತಟ್ಟೆಯಲ್ಲಿ ಎರಡು ಬಿಸ್ಕತ್ತು.

“ಒಂದು ಇವತ್ತಿನದು, ಒಂದು ಹಳೇ ಕಮಟು ಪುಡಿದು. ಯಾವುದು ಯಾವುದು ಅಂತ ನಾನ್ಯಾಕೆ ಹೇಳ್ಲಿ? ನಿಮಗೆ ಗೊತ್ತಾಗುತ್ತಲ್ಲ.”

ಮಗ ಕೇಳಿಸಿಕೊಂಡ. “ಹೋಗ್ಲಿ ಬಿಡೆ,” ಎಂದ. ಅಷ್ಟೇ. ನನ್ನ ಪರವಾಗಿ ಅವನು ಅದಕ್ಕಿಂತ ಹೆಚ್ಚು ಹೇಳದಂತೆ ಬೆಳೆಸಿದವಳು ನಾನೇ. ಅವಳ ಪರವಾಗಿಯೂ ಅಷ್ಟೇ ಹೇಳುತ್ತಿದ್ದ.

ಎರಡನ್ನೂ ಬೆಳಕಿಗೆ ಹಿಡಿದೆ. ಮುರಿದೆ. ಸದ್ದು ಕೇಳಿದೆ. ಎರಡೂ ಒಂದೇ ಅಚ್ಚಿನವು. ಅವಳ ಹಾಳಾದ ಕೈ, ಅಳತೆ ಒಂದಿಷ್ಟೂ ತಪ್ಪುವುದಿಲ್ಲ.

ಏಪ್ರಿಲ್ 2

ಕಿಟಕಿಯ ಕಟ್ಟೆಯ ಮೇಲೆ ಎರಡನ್ನೂ ದೂರ ದೂರ ಇಟ್ಟು ಇರುವೆಗಳಿಗಾಗಿ ಕಾದೆ. ಇರುವೆಗಳು ಬಂದವು. ಎರಡನ್ನೂ ಮುತ್ತಿದವು. ಇರುವೆಗಳ ಸಾಕ್ಷ್ಯ ಅಂಗೀಕಾರಕ್ಕೆ ಯೋಗ್ಯವಲ್ಲ.

ಸಂಜೆ ಮನೆಗೆ ಬಂದ ಅಳತೆಮ್ಮ ಕಟ್ಟೆ ನೋಡಿದಳು. ಅರ್ಥವಾಯಿತು. ನಕ್ಕಳು. ಈ ಮನೆಯಲ್ಲಿ ಅವಳು ನಕ್ಕದ್ದನ್ನು ಕಡೆಗೂ ಕಂಡೆ.

ಏಪ್ರಿಲ್ 11. ಬೆಳಗ್ಗೆ

ಎದುರು ಮನೆಯಾಕೆ ಚೀಲ ಹಿಡಿದು ಬಂದಳು. ಗಿಟುಕುಗಳ ಸದ್ದು ಬಾಗಿಲಲ್ಲೇ ತಿಳಿಯಿತು. ಒಣಗಿದ, ಒಳ್ಳೆಯ ಸದ್ದು. ಕೈ ಚಾಚಿದೆ.

ಚೀಲವನ್ನು ಹಿಂದಕ್ಕೆ ಎಳೆದುಕೊಂಡಳು. ಒರಟಾಗಿ ಅಲ್ಲ.

“ಪರವಾಗಿಲ್ಲ ಬಿಡಿ ಅಮ್ಮಾ. ಮೇಡಂ ಬರಲಿ. ಆಮೇಲೆ ಬರ್ತೀನಿ.”

“ಕೊಡು. ಸದ್ದಿನಲ್ಲೇ ಹೇಳ್ತೀನಿ.”

“ನಿಮಗ್ಯಾಕೆ ತೊಂದರೆ?”

ಹೋದಳು. ಹಸಿವಾಗಿದೆ. ಒಲೆಗೆ ತಿರುಪಿಲ್ಲ. ತಟ್ಟೆಯಲ್ಲಿ ಎರಡು ಬಿಸ್ಕತ್ತು. ನನಗೆ ಗೊತ್ತಾಗದೆ ದಿನವೂ ತಿಂದದ್ದು ಯಾವುದೆಂದು ಅವಳಿಗೆ ಗೊತ್ತು. ಸಂಜೆ ತಟ್ಟೆ ತೆಗೆಯುವಾಗ ಉಳಿದದ್ದನ್ನು ಮೂಸುತ್ತಾಳೆ. ತಟ್ಟೆ ತೊಳೆದಿಡುತ್ತಾಳೆ.

ಹೊಸ ಹಾಳೆ ತೆಗೆದೆ. ಮೇಲ್ಗಡೆ ಅಂಚು ಬಿಟ್ಟೆ. ದುಂಡಕ್ಷರ ಇನ್ನೂ ಕೈಯಲ್ಲಿದೆ.

ಮಾನ್ಯ ಸೊಸೆಯವರ ಸನ್ನಿಧಿಗೆ,

ಈ ಕೆಳಗೆ ಸಹಿ ಮಾಡಿರುವ ಅತ್ತೆಯು ವಿನಯಪೂರ್ವಕವಾಗಿ ಬೇಡಿಕೊಳ್ಳುವುದೇನೆಂದರೆ — ತಿರುಪುಗಳನ್ನು ಕೇಳುತ್ತಿಲ್ಲ. ಬೀದಿಯವರು ನನ್ನ ಬಳಿಗೇ ಬರಲೆಂದೂ ಕೇಳುತ್ತಿಲ್ಲ. ತಾವು ದಯವಿಟ್ಟು, ಬೆಳಗ್ಗೆ ಹೊರಡುವ ಮುನ್ನ, ಎರಡರಲ್ಲಿ ಹೊಸದು ಯಾವುದೆಂದು

ಸಹಿ: ____________
(ಅರ್ಜಿದಾರಳು)

ಲಗತ್ತು: ಬಿಸ್ಕತ್ತು, ಎರಡು. ಕಚ್ಚಿಲ್ಲ.