ಭಂಡಾರ ಹಚ್ಚಿದ ನಾಕು ಕಲ್ಲು

ಧರೆಪ್ಪನ ಅಪ್ಪಾರಿಗೆ,

ನಾನು ಜಮಖಂಡಿಗೆ, ಮಾಮಲೇದಾರ ಕಚೇರಿಗೆ ಹೊಂಟೇನಿ. ನಿಮ್ಮನ್ನ ಎಬ್ಬಿಸಲಿಲ್ಲ. ಎಬ್ಬಿಸಿದ್ರ ಜಗಳಾ ಆಗ್ತಿತ್ತು.

ಹೊಲದಾಗ ಕುರಿದೊಡ್ಡಿ ಕಟ್ಟಾಕ ಪರವಾನಗಿ ಕೊಡ್ರಿ ಅಂತ ಅರ್ಜಿ ಹಾಕಿದವರು ನಾವು. ಮೊದಲಿನಂಗ ರಾಜರ ಕಾಲ ಅಲ್ಲ, ಈಗ ಮುಂಬೈ ಸರಕಾರ ಅಂತ ಎಷ್ಟು ಸಲ ಹೇಳಿದ್ದೆ? ಕಂದಾಯದ ಸರ್ಕಲ್ ಸಾಹೇಬ್ರು ಜಾಗಾ ನೋಡಾಕ ಬರೂ ದಿನಾನ ನೀವು ನಾಕೂ ಮೂಲಿಗೆ ಕಲ್ಲು ನೆಟ್ಟು, ಅರಿಷಿಣದ ಭಂಡಾರ ಹಚ್ಚಿ, ಕಾಯಿ ಒಡದು ನಿಂತ್ರಿ! ಬೀರಪ್ಪ ದೇವ್ರು ಸಾಹೇಬ್ರ ಮನಸ್ಸು ತಿರುಗಸ್ತಾನಂತ! ತಿರುಗಿಸಿದ ನೋಡ್ರಿ. "ಪರವಾನಗಿ ಇಲ್ದ ಪಾಯಾ ಹಾಕ್ಯಾರ" ಅಂತ ಬರಕೊಂಡು ಹೋದ್ರು. ಅಂಥವರ ಕೈಯಾಗ ನೀವು ನಕ್ಕೋತ ಪ್ರಸಾದ ಇಟ್ಟು ಕಳಿಸಿದ್ರಿ.

ಈಗ ಗಾಬರಿಯಾಗಿ ಆ ಕಲ್ಲು ಕೀಳಬ್ಯಾಡ್ರಿ. ಪೂಜಿ ಆದ ಕಲ್ಲು ಕಿತ್ರ ನಿಮ್ಮವ್ವ ಅನ್ನನೀರು ಬಿಡತಾಳ. ಅದು ಪಾಯಾ ಅಲ್ರಿ, ನಮ್ಮ ಭಕ್ತಿ ಅಂತ ಮಾಮಲೇದಾರ್ರ ಮುಂದ ನಾನ ಹೇಳತೇನಿ. ನೀವು ಬಂದ್ರ ಅವರ ಹಣಿಗೂ ಭಂಡಾರ ಹಚ್ಚತೀರಿ.

ರಾತ್ರಿ ನಾಯಿ ಬಿಚ್ಚಿ ಬಿಡ್ರಿ. ಹ್ವಾದ ವರ್ಷದಂಗ ಮರಿಗೋಳ ಮಗ್ಗಲದಾಗ ಗೊರಕಿ ಹೊಡೀಬ್ಯಾಡ್ರಿ. ತೋಳ ಪರವಾನಗಿ ಕೇಳಿ ಬರೂದಿಲ್ಲ.

ರೊಟ್ಟಿ ಬುಟ್ಟ್ಯಾಗ ಅದಾವ. ಸಿಟ್ಟಿದ್ರೂ ನಿಮ್ಮ ಸಲುವಾಗಿ ಬದನಿಕಾಯಿ ಪಲ್ಯ ಮಾಡೇನಿ. ಉಂಡು ಸುಮ್ಮ ಕೂಡ್ರಿ. ನಾ ಬರೂತನಕ ಇನ್ನೊಂದು ಕಲ್ಲಿಗೆ ಪೂಜಿ ಮಾಡಬ್ಯಾಡ್ರಿ.

ಸುಂದರವ್ವ