ತಾರಸಿಯ ಕೆಂಪು ದುಪ್ಪಟಿ

ಬಾಡಿಗೆ ಮನೆ, ಮೂರನೆಯ ಮಹಡಿ
ಮಾರ್ಚ್ ೯, ಸೋಮವಾರ

ಪ್ರೀತಿಯ ಕ್ಯಾಪ್ಟನ್ ಪುಟ್ಟಿಗೆ,

ನೀನಿನ್ನೂ ಹಡಗಿನ ಎರಡನೇ ಅಧಿಕಾರಿ ಎಂದು ಗೊತ್ತು. ಕಂಪನಿಯವರು ಕೊಡುವ ತನಕ ಅಪ್ಪ ಕೊಟ್ಟ ಬಡ್ತಿಯನ್ನೇ ಇಟ್ಟುಕೊ. ಹೇಗಿದ್ದೀಯಮ್ಮಾ? ಬೆನ್ನುನೋವು ಕಡಿಮೆಯಾಯಿತೇ? ಪಾಳಿ ಮುಗಿಸಿ ಊಟ ಮಾಡದೆ ಮಲಗುವ ಚಾಳಿ ಬಿಟ್ಟೆಯೋ ಇಲ್ಲವೋ? ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಮ್ಮನ ಮಂಡಿ ಮಾತ್ರ ಇಲ್ಲಿನ ಮೆಟ್ಟಿಲುಗಳನ್ನು ಬಯ್ಯುತ್ತಿರುತ್ತದೆ. ಅವಳ ಬಾಯಿ ನನ್ನನ್ನು ಬಯ್ಯುವುದಿಲ್ಲ, ಅದೇ ನನಗೆ ಕಷ್ಟ.

ಮೇಲಿನ ವಿಳಾಸ ನೋಡಿ ನೀನು ಹುಬ್ಬು ಗಂಟಿಕ್ಕಿರುತ್ತೀ. ಹೌದು, ಮನೆ ಮಾರಿಬಿಟ್ಟೆ. ಕೆಳಗಿನ ನನ್ನ ಕ್ಷೌರದಂಗಡಿಯೂ ಅದರ ಜೊತೆಗೇ ಹೋಯಿತು. ಫೋನಿನಲ್ಲಿ ಹೇಳೋಣವೆಂದು ಎಷ್ಟೋ ಸಲ ಹೊರಟೆ. ನಿನ್ನ "ಹಲೋ ಅಪ್ಪಾ" ಕಿವಿಗೆ ಬಿದ್ದ ಕೂಡಲೇ ಧೈರ್ಯ ಸಾಲದೆ, ಅಲ್ಲಿ ಗಾಳಿ ಹೇಗಿದೆ ಎಂದು ಕೇಳಿ ಇಟ್ಟುಬಿಡುತ್ತಿದ್ದೆ. ಕಾಗದವಾದರೆ ನಡುವೆ ಬಾಯಿ ಹಾಕುವುದಿಲ್ಲ.

ನೀನು ಹೊರಟ ಮೇಲೆ ಆ ದೊಡ್ಡ ಕ್ರೀಡಾಕೂಟಕ್ಕೆಂದು ಊರಿಗೆ ಊರೇ ಮೈಮೇಲೆ ದೇವರು ಬಂದವರ ಹಾಗೆ ಕುಣಿಯಿತು. ಮೀನು ಒಣಗಿಸುತ್ತಿದ್ದ ದಂಡೆಗೆ ಕಲ್ಲು ಹಾಸಿದರು. ದೋಣಿ ಪಂದ್ಯ ನೋಡಲು ಮೆಟ್ಟಿಲು ಕಟ್ಟಿದರು. ನಮ್ಮ ಓಣಿಯವರೆಲ್ಲ ಕೋಣೆ ಖಾಲಿ ಮಾಡಿ, ಹಿತ್ತಲಲ್ಲಿ ಮಲಗಿ, ಒಳಗೆ ಹೊರದೇಶದವರನ್ನು ಇಟ್ಟುಕೊಂಡರು. ಮೂಲೆಮನೆಯ ಇಸ್ತ್ರಿಯವನಂತೂ ತನ್ನ ಅಂಗಡಿಗೆ ಮಂಚ ಹಾಕಿ, ಅದಕ್ಕೊಂದು ಇಂಗ್ಲಿಷ್ ಬೋರ್ಡು ತಗುಲಿಸಿಬಿಟ್ಟ. ನಾನೂ ಸುಳ್ಳೇಕೆ ಹೇಳಲಿ, ಖುಷಿಯಾಗಿಯೇ ಇದ್ದೆ. ಈಜುಗಾರರು ತಲೆ ಬೋಳಿಸಿಕೊಳ್ಳಲು ನನ್ನ ಅಂಗಡಿಗೇ ಬರುತ್ತಿದ್ದರು. ಇಡೀ ಜಗತ್ತಿನ ತಲೆ ನನ್ನ ಕೈಯಲ್ಲಿದೆ ಎಂದು ನಿಮ್ಮಮ್ಮನ ಮುಂದೆ ಜಂಬ ಕೊಚ್ಚಿಕೊಂಡೆ.

ಆ ಗದ್ದಲದಲ್ಲಿ ಒಬ್ಬ ಮನೆ ದಲ್ಲಾಳಿ ದಿನಾ ಶೇವಿಂಗ್‌ಗೆ ಬರತೊಡಗಿದ. ಒಂದು ದಿನ ಮುಖದ ತುಂಬ ನೊರೆ ಇಟ್ಟುಕೊಂಡೇ, "ಇದೆಲ್ಲ ಆಟ ಮುಗಿಯೋ ತನಕ ಅಷ್ಟೇ ಯಜಮಾನ್ರೇ. ಆಮೇಲೆ ಇಲ್ಲಿ ಕಾಗೆನೂ ಕೂರಲ್ಲ. ಈಗ ಮಾರಿ, ಬೆಲೆ ಇಳಿದ ಮೇಲೆ ಇದಕ್ಕಿಂತ ದೊಡ್ಡದು ತಗೊಳ್ಳಿ" ಅಂದ. ನಿನಗೆ ಗೊತ್ತಲ್ಲ ನನ್ನ ನಂಬಿಕೆ, ಗಂಟಲ ಮೇಲೆ ಕತ್ತಿ ಇರುವಾಗ ಯಾರೂ ಸುಳ್ಳು ಹೇಳುವುದಿಲ್ಲ ಅಂತ. ನಿನ್ನನ್ನು ಹಡಗಿನ ಕೆಲಸಕ್ಕೆ ಕಳಿಸಿದ್ದೂ ಆ ಕುರ್ಚಿಯಲ್ಲಿ ಕೂತ ಮುದುಕ ನಾವಿಕನೊಬ್ಬನ ಮಾತು ಕೇಳಿಯೇ. ಮದುವೆ ಕಾಲ ಮುಗಿದರೆ ನನ್ನ ಅಂಗಡಿಯೂ ಖಾಲಿ ಹೊಡೆಯುತ್ತದೆ, ಇದೂ ಹಾಗೆಯೇ ಎಂದುಕೊಂಡೆ. ನಿಮ್ಮಮ್ಮ ಒಂದೇ ಮಾತು ಕೇಳಿದಳು: "ಸಮುದ್ರ ಎಲ್ಲಿಗೂ ಹೋಗಲ್ಲ, ನೋಡೋಕೆ ಬಂದ ಜನ ಯಾಕೆ ಹೋಗ್ತಾರೆ?" ನಾನು ನಕ್ಕುಬಿಟ್ಟೆ ಪುಟ್ಟಿ. ಆ ನಗು ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ.

ಆಟ ಮುಗಿಯಿತು, ಜನ ಮುಗಿಯಲಿಲ್ಲ. ಟಿವಿಯಲ್ಲಿ ನಮ್ಮ ಕಡಲು ನೋಡಿದವರೆಲ್ಲ ಒಬ್ಬರ ಹಿಂದೊಬ್ಬರು ಬಂದರು. ಬೆಲೆ ಇಳಿಯಲೆಂದು ನಾನು ಕಾದಷ್ಟೂ ಅದು ಏರಿತು. ಮನೆ ಮಾರಿದ ಹಣಕ್ಕೆ ಈಗ ಅದೇ ಓಣಿಯಲ್ಲಿ ಒಂದು ಬಚ್ಚಲುಮನೆ ಸಿಕ್ಕಿದರೆ ಹೆಚ್ಚು. ದಲ್ಲಾಳಿ ಪಾಪ, ಸುಳ್ಳು ಹೇಳಿರಲಿಲ್ಲ. ಅವನೂ ತನ್ನ ಮನೆ ಮಾರಿಕೊಂಡು ಕೂತಿದ್ದಾನೆ. ಸುಳ್ಳು ಹೇಳದವನೂ ತಪ್ಪಾಗಿ ತಿಳಿದಿರಬಹುದು ಎಂಬುದು ಇಷ್ಟು ವಯಸ್ಸಾದ ನನಗೆ ಹೊಳೆಯಲೇ ಇಲ್ಲ.

ಈಗ ಬಸ್ ನಿಲ್ದಾಣದ ಹತ್ತಿರ ಇನ್ನೊಬ್ಬರ ಅಂಗಡಿಯಲ್ಲಿ ಎರಡನೇ ಕುರ್ಚಿ ನನ್ನದು. ನಮ್ಮ ಮನೆ ಅತಿಥಿಗೃಹವಾಗಿದೆ. ಗೋಡೆಯಲ್ಲಿ ಕೂರಿಸಿದ್ದ ನನ್ನ ಕನ್ನಡಿಯನ್ನು ಬಿಚ್ಚಲಾಗದೆ ಅಲ್ಲೇ ಬಿಟ್ಟಿದ್ದೆ. ಬಂದವರು ಅದರ ಮುಂದೆ ನಿಂತು ಫೋಟೋ ತೆಗೆದುಕೊಳ್ಳುತ್ತಾರಂತೆ. ಮನೆ ಖಾಲಿ ಮಾಡುವ ದಿನ ನಿಮ್ಮಮ್ಮ ಪಾತ್ರೆಪಗಡವನ್ನೆಲ್ಲ ಗಾಡಿಯವನಿಗೆ ಬಿಟ್ಟು, ನಿನ್ನ ಹಡಗು ಬರುವ ದಿನ ನಿನಗೆ ಕಾಣಲೆಂದು ತಾರಸಿಯ ಹಗ್ಗದ ಮೇಲೆ ಹರವುತ್ತಿದ್ದಳಲ್ಲ, ಆ ಕೆಂಪು ದುಪ್ಪಟಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದೇ ಬಂದಳು. ಈ ಮನೆಯ ಕಿಟಕಿಯಿಂದ ಕಾಣುವುದು ಪಕ್ಕದ ಕಟ್ಟಡದ ನೀರಿನ ಕೊಳವೆ ಮಾತ್ರ.

ನಿನಗೆ ಸಿಟ್ಟು ಬಂದರೆ ಬರಲಿ, ಅದು ನ್ಯಾಯವೇ. ಆದರೆ ಎಲ್ಲವನ್ನೂ ನನ್ನ ಮೇಲೆ ಹಾಕು, ಅವಳ ಮೇಲೆ ಒಂದು ಚೂರೂ ಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಹೋದಲ್ಲೆಲ್ಲ ನೀರು ತಣ್ಣಗಿರಲಿ, ಗಾಳಿ ನಿನ್ನ ಮಾತು ಕೇಳಲಿ.

ಇಂತಿ ನಿನ್ನ,
ಜಗತ್ತಿನ ತಲೆ ಬೋಳಿಸಲು ಹೋಗಿ ತನ್ನದನ್ನೇ ಬೋಳಿಸಿಕೊಂಡ
ಅಪ್ಪ

ಮರೆತಿದ್ದೆ: ಅಂಚೆಗೆ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಮುಂದಿನ ತಿಂಗಳು ನಿನ್ನ ಹಡಗು ಬಂದರಿಗೆ ಬರುವಾಗ ದುರ್ಬೀನಿನಲ್ಲಿ ನಮ್ಮ ತಾರಸಿಯನ್ನು ನೋಡಬೇಡ. ಅಲ್ಲಿ ಈಗ ಕೆಂಪು ಕೊಡೆಗಳ ಸಾಲೇ ಇದೆ, ಅಮ್ಮನ ದುಪ್ಪಟಿ ಎಂದುಕೊಂಡು ಮೋಸ ಹೋಗುತ್ತೀಯ. ಬಂದರಿನ ಅಲೆತಡೆಗೋಡೆಯ ತುದಿಯತ್ತ ನೋಡು. ಅಲ್ಲಿ ಹಗ್ಗ ಕಟ್ಟಲು ಕಂಬವಿಲ್ಲ. ದುಪ್ಪಟಿಯ ಒಂದು ತುದಿ ತಾನು ಹಿಡಿಯುತ್ತಾಳಂತೆ, ಇನ್ನೊಂದನ್ನು ಹಿಡಿಯಲು "ನೀವೂ ಬನ್ನಿ" ಅಂದಿದ್ದಾಳೆ. ಮನೆ ಬಿಟ್ಟ ಮೇಲೆ ಅವಳು ನನ್ನನ್ನು ಯಾವುದಕ್ಕಾದರೂ ಕರೆದದ್ದು ಇದೇ ಮೊದಲು.