ನೋಡಾಕತ್ತೋರು ಇಬ್ರು

ಹರಪನಹಳ್ಳಿ
ಬುಧವಾರ, 12 ಮಾರ್ಚ್ 2025
ಬೆಳಿಗ್ಗಿ ಹತ್ತೂವರಿ

ನಮ್ಮೆಲ್ಲಾರ ಹೆಮ್ಮಿ ಓಬಳೇಶಣ್ಣಗ, ನಿಮ್ಮ ನಂಬರ್ ಒನ್ ಫ್ಯಾನ್ ಭೂಮಿಕಾ ಕೈ ಮುಗಿದು ಬರಿಯೋದು.

ಅಣ್ಣ, ನೀವು ಮ್ಯಾಲಿನ ಮಹಡ್ಯಾಗ ಮೀಟಿಂಗಿನಾಗ ಅದೀರಿ, ನಾ ಕೆಳಗ ನಿಮ್ಮ ಆಫೀಸಿನ ಮೆಟ್ಲ ಮ್ಯಾಲೆ ಕುಂತೀನಿ. ಮೆಸೇಜ್ ಹಾಕಿದ್ರ ಒಂದೇ ಟಿಕ್ಕು. ಫೋನ್ ಹಚ್ಚಿದ್ರ ಎತ್ತವಲ್ರಿ. ರಿಸೆಪ್ಷನ್ ಕೀರ್ತನಕ್ಕ, "ಏನೈತೋ ಬರದು ಕೊಡವ್ವಾ, ಅವರ ಟೇಬಲ್ ಮ್ಯಾಲೆ ಇಡ್ತೀನಿ. ಅಳಬ್ಯಾಡ ಮಾತ್ರ, ಇಲ್ಲಿ ಕ್ಯಾಮೆರಾ ಐತಿ" ಅಂದು ಪ್ರಿಂಟರಿನ ಎರಡು ಹಾಳಿ ಕೊಟ್ಟಾಳ. ಪೆನ್ನಿನಾಗ ತಪ್ಪಿದ್ರ ಡಿಲೀಟ್ ಮಾಡಾಕ ಬರಂಗಿಲ್ಲ. ಹೊಟ್ಯಾಗ ಹಾಕ್ಕೊಳ್ರಿ.

ನಾ ಉಜ್ಜಿನಿ ಕಡೇ ಹುಡುಗಿ, ಕೊಟ್ಟೂರಾಗ ಬಿ.ಕಾಂ. ಕಡೇ ವರ್ಷ. "ಓಬಳೇಶಣ್ಣನ ಹಿಂಡು" ಗ್ರೂಪಿನ ಅಡ್ಮಿನ್ ನಾನ. ಒಂಬೈನೂರು ಮಂದಿ ಅದೀವಿ! ನಿಮ್ಮ ಕತಿ ನಂಗ ಬಾಯಿಪಾಠ. ಕೂಡ್ಲಿಗಿ ಬಸ್‌ಸ್ಟ್ಯಾಂಡ್ ಮುಂದ ರೀಚಾರ್ಜ್ ಅಂಗಡಿ ಇಟ್ಟಿದ್ದು. ಹೊಲದಾಗ ಕುರಿ ತರುಬಿಸ್ಬೇಕು ಅನ್ನೋ ರೈತರ ನಂಬರು, ಕುರಿಗಾರರ ನಂಬರು ಒಂದೇ ನೋಟ್‌ಬುಕ್ಕಿನಾಗ ಬರಕೊಂಡು, ಯಾರಿಗೆ ಯಾರು ಬೇಕೋ ಕೂಡ್ಸಿದ್ದು. ಹಿಂಡು ಒಂದು ರಾತ್ರಿ ಹೊಲದಾಗ ಮಲಗಿದ್ರ ಆ ಹೊಲಕ್ಕ ಗೊಬ್ಬರ. ಇದು ನಮ್ಮ ಅಜ್ಜನ ಅಜ್ಜನ ಕಾಲದ್ದು, ಆದ್ರ ಅದರಾಗ ಒಂದು ಕಂಪನಿ ಐತಿ ಅಂತ ಕಂಡಿದ್ದು ನಿಮಗೊಬ್ಬರಿಗೇ. ಆಮ್ಯಾಲೆ ವಿಡಿಯೋ ನೋಡಿ ನೋಡಿ ಕೋಡಿಂಗ್ ಕಲ್ತು "ತರುಬು" ಆಪ್ ಮಾಡಿದ್ರಿ. ಹಡಗಲಿ ಸ್ಟೇಜ್ ಮ್ಯಾಲೆ, ಟಗರಿನ ಕೊರಳಿಗೆ ಕಟ್ಟೋ ಬೆಂಕಿಪೊಟ್ನದಷ್ಟು ಜಿಪಿಎಸ್ ಡಬ್ಬಿ ಎತ್ತಿ ತೋರಿಸಿ, "ಇನ್ನ ಮ್ಯಾಲೆ ನಮ್ಮ ಕಡಿ ಒಂದು ಕುರಿನೂ ಕಳಿಯಂಗಿಲ್ಲ" ಅಂದ್ರಿ. ನಾ ಮುಂದಿನ ಸಾಲಿನಾಗ ನಿಂತು ಸಿಳ್ಳಿ ಹೊಡದೆ. ನಮ್ಮಪ್ಪನ ಎದುರಿಗೇ.

ಆ ಡಬ್ಬಿ ನಮ್ಮಜ್ಜ ದೊಡ್ಡಬೀರಪ್ಪನ ಟಗರಿಗೂ ಕಟ್ಟೀವಿ. ಅಜ್ಜ ಹೂಂ ಅಂದಮ್ಯಾಲೆನ ಕಟ್ಟಿದ್ದು.

ಮೊದ್ಲು ಕುರಿಗಾರ ಒಪ್ಪಿದ್ರ ಮಾತ್ರ ಹಿಂಡು ಎಲ್ಲೈತಿ ಅಂತ ರೈತಗ ಕಾಣತಿತ್ತು. ನಿಮ್ಮ ಕಂಪನಿಗೆ ಹೊರಗಿನ ದೊಡ್ಡೋರ ರೊಕ್ಕ ಬಂದಮ್ಯಾಲೆ, ಸಂಕ್ರಾಂತಿ ಅಪ್ಡೇಟಿನಾಗ ಮ್ಯಾಪ್ ಎಲ್ಲಾರಿಗೂ ತಗದು ಇಟ್ರಿ. ಖಾತಿ ಬ್ಯಾಡ, ಹೆಸರು ಬ್ಯಾಡ. ಹಿಂಡಿಗೊಂದು ಹಸಿರು ಚುಕ್ಕಿ, ಮುಟ್ಟಿದ್ರ ಎಷ್ಟು ಕುರಿ, ಕಾಯೋರು ಎಷ್ಟು ಮಂದಿ, ಎಲ್ಲಾ ಬರತೈತಿ. "ಮುಚ್ಚಿಡೋದು ಏನೈತಿ" ಅಂತ ವಿಡಿಯೋದಾಗ ನಕ್ರಿ. ನಾ ಹನ್ನೆರಡು ಬೆಂಕಿ ಎಮೋಜಿ ಹಾಕಿದೆ.

ಹೋದ ತಿಂಗಳು ಕೂಡ್ಲಿಗಿ ಕಡೇ ಗಾದೆಪ್ಪನ ಹಿಂಡು ಹೋತು. ಕಳ್ಳರು ಟೆಂಪೋ ತಂದು, ಮುದುಕನ್ನ ಬೇವಿನ ಮರಕ್ಕ ಕಟ್ಟಿ, ಕುರಿ ಒಯ್ದಾರ. ಅವರಿಗೆ ಎಣಿಕಿ ಗೊತ್ತಿತ್ತಣ್ಣ. "ತೊಂಬತ್ನಾಕು ಇರಬೇಕಲ್ಲೋ ಮುದುಕಾ, ಇನ್ನೆರಡು ಎಲ್ಲಿ" ಅಂತ ಕೇಳ್ಯಾರ. ಆ ಎರಡು ಹಿಂದಿನ ದಿನ ಸತ್ತಿದ್ವು. ಆಪಿನಾಗ ತಗಿಯೋದು ಮರ್ತಿದ್ನಂತ. ಗಾದೆಪ್ಪನ ಸೊಸಿ ಇದನ್ನ ನಮ್ಮ ಗ್ರೂಪಿನಾಗ ಬರದ್ಲು. ಐದು ನಿಮಿಷದಾಗ ಆ ಮೆಸೇಜು ಇರಲಿಲ್ಲ. ಯಾರು ಅಳಸಿದ್ರೋ.

ಈಗ ನಮ್ಮಜ್ಜ ಬಾಗಳಿ ಆಚಿ ಒಂದು ಹೊಲದಾಗ ಅದಾನ. ಒಬ್ಬನ. ಬಿಸಲು ಏರೋದ್ರಾಗ ಹಿಂಡು ಎಬ್ಬಿಸಿ ಮೇಯಾಕ ಹೊಡಿಯೋ ಮನುಷ್ಯ, ಇವತ್ತು ಹತ್ತು ಹೊಡದ್ರೂ ಚುಕ್ಕಿ ಅಲ್ಲಾಡಿಲ್ಲ. ಫೋನ್ ಸ್ವಿಚ್ ಆಫ್. ಹೊಲದ ರೈತಗ ಹಚ್ಚಿದ್ರ, "ನಾ ದಾವಣಗೇರ್‍ಯಾಗ ಅದೀನವ್ವಾ, ಕುರಿ ಎಲ್ಲಿಗೆ ಹೋಗ್ತಾವ ಬಿಡು" ಅಂದ. ಅಪ್ಪ ಉಜ್ಜಿನಿಯಿಂದ ಬೈಕ್ ಹತ್ತ್ಯಾನ, ಮುಟ್ಟಾಕ ಇನ್ನೂ ತಾಸು ಬೇಕು.

ಚುಕ್ಕಿ ಕೆಳಗ ಸಣ್ಣಗ ಬರತೈತಲ್ಲ, "ಈ ಹಿಂಡು ನೋಡಾಕತ್ತೋರು" ಅಂತ? ನಿನ್ನಿ ಸಂಜಿಯಿಂದ ಅಲ್ಲಿ 2 ಐತಿ. ಒಬ್ಬಾಕಿ ನಾನು. ಅಪ್ಪನ್ನ ಕೇಳಿದೆ, ನಾ ಅಲ್ಲ ಅಂದ. ನಾ ಬಂದ್ ಮಾಡಿ ಮತ್ತ ತಗದೆ. ಮತ್ತ 2. ಮುಂಜಾನಿ ಎದ್ದು ನೋಡಿದೆ. 2.

ಅಣ್ಣ, ಮ್ಯಾಲೆ ಎರಡು ಸುಳ್ಳು ಬರದೀನಿ. ಹೊಡದು ಹಾಕಂಗಿಲ್ಲ, ಇಲ್ಲೇ ನಿಜ ಹೇಳ್ತೀನಿ.

ಅಜ್ಜ ಹೂಂ ಅಂದಿಲ್ಲ. ಅವ ಹುಟ್ಟಿದಾಗಿಂದ ಯಾರಿಗೂ ಎಣಿಕಿ ಹೇಳಿದಾಂವ ಅಲ್ಲ. ಎಷ್ಟು ಕುರಿ ಅಂದ್ರ "ಬೀರಪ್ಪದೇವ್ರು ಕೊಟ್ಟಷ್ಟು" ಅಂತಾನ. ನಾಳಿ ಎಲ್ಲಿ ತರುಬ್ತಿ ಅಂದ್ರ "ಟಗರಿನ್ನ ಕೇಳು" ಅಂತಾನ. ಬಾಯಿಂದ ಎಣಿಕಿ ಹೊಂಟ್ರ ಹಿಂಡಿನಿಂದ ಕುರಿ ಹೊಂಟ್ವು ಅನ್ನೋದು ಅವನ ಮಾತು. ನಿಮ್ಮ ಆಪ್ ತೋರಿಸಿದಾಗ, "ನಿಮ್ಮ ಓಬಳೇಶ ಕುರಿಗಾರನ ಮಗನೋ, ಸಂತಿ ದಲ್ಲಾಳಿನೋ? ಎಣಿಕಿ ಯಾಕ ಬೇಕಂತಲೇ ಅವಗ?" ಅಂದ. ನಂಗ ಸಿಟ್ಟು ಬಂತು. ಅವ ಜಳಕಕ್ಕ ಹೋದಾಗ ಟಗರಿನ ಗಂಟಿ ಪಟ್ಟಿ ಒಳಗ ಡಬ್ಬಿ ಹೊಲದೆ. ಹಿಂಡು ಎಣಿಸಿ, ನೂರಾ ಹನ್ನೆರಡು ಅಂತ ನಾನ ತುಂಬಿದೆ. ಕಾಯೋರು ಎಷ್ಟು ಅನ್ನೋ ಕಡಿ ಒಂದು ಅಂತ ಬರದೆ. ತಾ ಎಲ್ಲಿ ಮಲಗ್ತೀನಿ ಅಂತ ಯಾರಿಗೂ ಗೊತ್ತಿಲ್ಲ ಅಂತನ ಅಜ್ಜ ಇವತ್ತಿಗೂ ತಿಳಕೊಂಡಾನ.

ಗಾದೆಪ್ಪನ ಸೊಸಿ ಮೆಸೇಜ್ ಅಳಸಿದಾಕಿನೂ ನಾನ. ನಿಮ್ಮ ಹೆಸರು ಕೆಡಬಾರ್ದು ಅಂತ. ಆಕಿನ್ನ ಗ್ರೂಪಿನಿಂದ ತಗದೂ ಹಾಕಿದೆ. ನಿಮ್ಮ ಟೀಮಿನೋರು ನಂಗ ಹಾರ್ಟ್ ಕಳಿಸಿದ್ರು, ಸ್ಕ್ರೀನ್‌ಶಾಟ್ ಇಟಗೊಂಡಿದ್ದೆ. ಮೊನ್ನಿ ನಾನ ಅವರಿಗೆ ಮ್ಯಾಪ್ ಬಂದ್ ಮಾಡ್ರಿ ಅಂತ ಬರದೆ. ಐದ ನಿಮಿಷ. ನನ್ನ ಖಾತಿ ಲಾಕ್. ಈಗ ಅಜ್ಜನ ಚುಕ್ಕಿ ಊರ ಮಂದಿಯಂಗ ನಾನೂ ನೋಡಬಹುದು, ಆರಿಸಿ ಮ್ಯಾಪಿನಿಂದ ತಗಿಯಾಕ ಬರಂಗಿಲ್ಲ. ಅದು ಬರೋದು ನಿಮಗೊಬ್ಬರಿಗೇ.

ಆರಿಸ್ರಿ ಅಣ್ಣ. ಎಲ್ಲಾರ್ದೂ ಆಗಲಿಲ್ಲಂದ್ರ ಅಜ್ಜಂದೊಂದು. ನೀವೂ ಕುರಿ ಹಿಂದ ನಡದೋರು, ನಿಮ್ಮಪ್ಪನೂ ಯಾರಿಗೂ ಎಣಿಕಿ ಹೇಳಿರಾಕಿಲ್ಲ. ಮ್ಯಾಲೆ ನಿಮ್ಮ ನಗಿ ಕೇಳ್ತೈತಿ. ಈಗರ ಮಂಡಕ್ಕಿ ಮಿರ್ಚಿ ತಟ್ಟಿ ಒಯ್ದ್ರು.

ಫ್ಯಾನ್ ಅಂತ ಬರೀಲೋ ಬ್ಯಾಡೋ ತಿಳಿವಲ್ದು,
ದೊಡ್ಡಬೀರಪ್ಪನ ಮೊಮ್ಮಗಳು
ಭೂಮಿಕಾ

ತಾ.ಕ.: ಹನ್ನೊಂದೂ ಇಪ್ಪತ್ತು. ಹಾಳಿ ಮಡಚಾಕತ್ತಿದ್ದೆ, ಚುಕ್ಕಿ ಅಲ್ಲಾಡ್ತು. "ಅಜ್ಜ ಎದ್ದ!" ಅಂತ ಒದರಿದೆ, ಕೀರ್ತನಕ್ಕನೂ ನಕ್ಕು ಚಪ್ಪಾಳಿ ತಟ್ಟಿದ್ಲು. ಈಗ ಅದು ಡಾಂಬರ್ ರಸ್ತಿಗೆ ಬಂದೈತಿ. ತಾಸಿಗೆ ಐವತ್ತೆಂಟು ಕಿಲೋಮೀಟರ್ ಅಂತ ತೋರಿಸ್ತೈತಿ. ಕುರಿ ಹಂಗ ನಡಿಯಂಗಿಲ್ಲಣ್ಣ. ನೋಡಾಕತ್ತೋರು ಈಗ 1. ನಾನೊಬ್ಬಾಕಿನ.